ಇಬ್ಬರು ಮನೋವೈದ್ಯರು ಎರಡು ಬೇರೆ ಕಾಯಿಲೆ ಹೇಳಿದರೆ ಯಾರನ್ನು ನಂಬಬೇಕು?

ನಿಮ್ಮ ಅಣ್ಣನಿಗೆ ವಿಜಯಪುರದ ಒಬ್ಬ ವೈದ್ಯರು ಸ್ಕಿಜೋಫ್ರೇನಿಯಾ (ಇಲ್ಲದ ಧ್ವನಿ ಕೇಳಿಸುವ, ಭ್ರಮೆ ಹುಟ್ಟುವ ಕಾಯಿಲೆ) ಎಂದರು, ಇನ್ನೊಬ್ಬರು ಬೈಪೋಲಾರ್ (ಮನಸ್ಸು ಒಮ್ಮೆ ಅತಿ ಉತ್ಸಾಹದ ಉನ್ಮಾದಕ್ಕೆ ಏರಿ, ಒಮ್ಮೆ ಖಿನ್ನತೆಗೆ ಇಳಿಯುವ ಕಾಯಿಲೆ) ಎಂದರು. ಅರ್ಧ ಗಂಟೆ ಮಾತನಾಡಿಸಿ ಇಟ್ಟ ಹೆಸರನ್ನು ನಂಬುವುದು ಹೇಗೆ, ಸ್ಕ್ಯಾನ್ ಮಾಡಿ ಖಚಿತವಾಗಿ ಹೇಳುವ ಆಸ್ಪತ್ರೆ ಯಾವುದು ಎಂದು ಕೇಳಿದ್ದೀರಿ. ಅಂಥ ಆಸ್ಪತ್ರೆ ಎಲ್ಲಿಯೂ ಇಲ್ಲ. ಇದೇ ಪ್ರಶ್ನೆಯನ್ನು ಹೊತ್ತು ನಾನು ನನ್ನ ತಮ್ಮನನ್ನು ಬಾಗಲಕೋಟೆ, ಬೆಳಗಾವಿ, ಧಾರವಾಡ ಎಂದು ಸುತ್ತಿಸಿದವನು.

ನಮ್ಮದು ಮುಧೋಳ ತಾಲ್ಲೂಕಿನ ಹಳ್ಳಿ. ಕಬ್ಬಿನ ಹೊಲವಿದೆ, ಆಗ ಒಂದು ಬೆಲ್ಲದ ಗಾಣವೂ ಇತ್ತು, ಗಾಣದ ಪೂರ್ತಿ ಹೊಣೆ ತಮ್ಮನದು. ಒಂದು ಬೇಸಿಗೆಯಲ್ಲಿ ಅವನು ಊಟ ಬಿಟ್ಟು ಬಾಗಿಲು ಹಾಕಿಕೊಂಡು ಕೂಡತೊಡಗಿದ. ಕೊಪ್ಪರಿಗೆಯ ಕಬ್ಬಿನ ಹಾಲಿಗೆ ಯಾರೋ ವಿಷ ಬೆರೆಸುತ್ತಿದ್ದಾರೆ, ಆ ಮಾತನ್ನು ಅವರೇ ತನ್ನ ಕಿವಿಯಲ್ಲಿ ಹೇಳುತ್ತಿದ್ದಾರೆ ಎನ್ನುತ್ತಿದ್ದ. ಅವ್ವ ಗಾಳಿ ಸೋಂಕು ಎಂದು ತಾಯತ ಕಟ್ಟಿಸಿದಳು, ಅದರಲ್ಲಿ ಒಂದಿಷ್ಟು ವಾರ ಹೋದವು, ಆಮೇಲೆ ಆಸ್ಪತ್ರೆಗೆ ಕರೆದೊಯ್ದೆ.

ಆ ವೈದ್ಯರು ಅವಸರ ಮಾಡಲಿಲ್ಲ ಎಂಬುದನ್ನು ಮೊದಲು ಹೇಳಬೇಕು. ತಮ್ಮನನ್ನು ಕೇಳಿದರು, ಅವನು ನೆಲ ನೋಡುತ್ತ "ಅಣ್ಣಗ ಕೇಳ್ರಿ" ಎಂದ. ಧ್ವನಿ, ಸಂಶಯ, ಊಟ, ಸ್ನಾನ ಎಲ್ಲವನ್ನೂ ನಾನೇ ವಿವರಿಸಿದೆ. ಆಗ ಅವರು ಬರೆಯುವುದನ್ನು ನಿಲ್ಲಿಸಿ, "ಇದಕ್ಕಿಂತ ಮೊದಲ ಎಂದಾದ್ರೂ ನಿದ್ದಿ ಕಡಿಮಿ, ಮಾತು ಜಾಸ್ತಿ, ಖರ್ಚು ಜಾಸ್ತಿ ಹಿಂಗೇನರ ಆಗಿತ್ತೇನ್ರಿ?" ಎಂದು ಕೇಳಿದರು. ನಾನು "ಇಲ್ರೀ ಸರ್, ಭಾಳ ಶಾಣ್ಯಾ ಹುಡುಗ" ಎಂದೆ.

ಎಲ್ಲವೂ ಕೆಟ್ಟದ್ದು ಆ ಉತ್ತರದಿಂದ. ಹಿಂದಿನ ದೀಪಾವಳಿ ಕಳೆದು ಗಾಣ ಹೂಡಿದ ಮೇಲೆ ತಮ್ಮ ರಾತ್ರಿ ಎರಡು ತಾಸು ಮಲಗಿದರೆ ಹೆಚ್ಚು, ನಸುಕಿಗೆ ಮುಂಚೆಯೇ ಆಳುಗಳನ್ನು ಎಬ್ಬಿಸುತ್ತಿದ್ದ. ಮಹಾಲಿಂಗಪುರದ ಪೇಟೆಯಲ್ಲಿ ದಲಾಲರ ಮುಂದೆ ಕುಳಿತು ಬೆಲ್ಲವನ್ನು ವಿದೇಶಕ್ಕೆ ಕಳಿಸುವ ಮಾತಾಡುತ್ತಿದ್ದ. ಸೊಸೈಟಿಯಲ್ಲಿ ಸಾಲ ಎತ್ತಿ ಒಂದೇ ವಾರದಲ್ಲಿ ಎರಡು ಬೋರು ಹೊಡೆಸಿದ, ಎರಡರಲ್ಲೂ ನೀರು ಬೀಳಲಿಲ್ಲ, ಮೂರನೆಯದಕ್ಕೆ ಮನೆಯಲ್ಲಿ ಯಾರಿಗೂ ತಿಳಿಸದೆ ಮುಂಗಡ ಕೊಟ್ಟು ಬಂದಿದ್ದ. ಅದು ತಾನಾಗಿಯೇ ಇಳಿಯಿತು, ನಾವೂ ಮರೆತೆವು. ವೈದ್ಯರು ಕೇಳಿದ್ದು ಅಕ್ಷರಶಃ ಇದನ್ನೇ, ಆದರೂ ನಾನು ಇಲ್ಲ ಎಂದೆ. ಏಕೆಂದರೆ ನಮ್ಮ ಕಡೆ ಮನುಷ್ಯ ಕೆಲಸ ಬಿಟ್ಟು ಮೂಲೆ ಹಿಡಿದಾಗ ಮಾತ್ರ ಅವನಿಗೆ ಜಡ್ಡು ಬಂತೆನ್ನುತ್ತಾರೆ. ಹಗಲು ರಾತ್ರಿ ದುಡಿಯುವವನನ್ನು ಇಡೀ ಊರು ಹೊಗಳುತ್ತದೆ, ಅವನನ್ನು ತೋರಿಸಿಯೇ ನಾನು ನನ್ನ ಮಕ್ಕಳಿಗೆ ಬುದ್ಧಿ ಹೇಳಿದ್ದೆ. ಅವನಿಗೆ ಆಗ ಕನ್ಯೆ ನೋಡುತ್ತಿದ್ದೆವು, ಸಾಲದ ವಿಷಯ ಆಸ್ಪತ್ರೆಯ ಕಾಗದದ ಮೇಲೆ ಬರುವುದು ನನಗೆ ಬೇಡವಾಗಿತ್ತು. ಬೋರಿನ ಕಥೆ ತೆಗೆದರೆ ವೈದ್ಯರು ಇದನ್ನು ಅಣ್ಣತಮ್ಮಂದಿರ ಹಣದ ಜಗಳವೆಂದು ತಿಳಿದಾರು ಎಂಬ ಅಂಜಿಕೆ ಬೇರೆ. ಇದೆಲ್ಲಕ್ಕಿಂತ ಹೆಚ್ಚಾಗಿ, ವಿಷ ಮತ್ತು ಧ್ವನಿಯ ಕಥೆಯನ್ನು ನಾನು ಬಸ್ಸಿನಲ್ಲಿ ಕುಳಿತೇ ಜೋಡಿಸಿಕೊಂಡು ಬಂದಿದ್ದೆ, ಅದರೊಳಗೆ ಸೇರದ ಯಾವುದೂ ನನ್ನ ಬಾಯಿಗೆ ಬರಲೇ ಇಲ್ಲ.

ಚೀಟಿಯಲ್ಲಿ ಸ್ಕಿಜೋಫ್ರೇನಿಯಾ ಎಂದು ಬರೆದು ಒಲಾಂಜಪಿನ್ ಕೊಟ್ಟರು. ಗುಣ ಕಂಡಿತು, ಆದ್ದರಿಂದ ಹೆಸರೂ ಸರಿ ಎಂದುಕೊಂಡೆವು. ಆದರೆ ಆ ಗುಳಿಗೆ ಸ್ಕಿಜೋಫ್ರೇನಿಯಾದ ಭ್ರಮೆಯನ್ನು ಇಳಿಸುವಂತೆಯೇ ಬೈಪೋಲಾರಿನ ಉನ್ಮಾದವನ್ನೂ ಇಳಿಸುತ್ತದೆ. ಗುಳಿಗೆ ಹಿಡಿಯಿತೆಂಬುದು ಕಾಯಿಲೆಯ ಹೆಸರಿಗೆ ಸಾಕ್ಷಿಯಾಗುವುದಿಲ್ಲ. ಮುಂದೆ ಅವನು ಮಂಕಾದಾಗ ಬೇರೊಂದು ಕಡೆ ಖಿನ್ನತೆಯ ಗುಳಿಗೆ ಸೇರಿಸಿದರು. ಬೈಪೋಲಾರ್ ಇರುವವರಿಗೆ ಮನಸ್ಸಿನ ಏರಿಳಿತವನ್ನು ತಡೆಯುವ ಔಷಧವಿಲ್ಲದೆ ಅದನ್ನು ಕೊಟ್ಟರೆ ಉನ್ಮಾದ ಕೆರಳಬಹುದು. ಕೆರಳಿತು. ಗಾಣದ ಇಂಜಿನನ್ನು ಸಿಕ್ಕ ಬೆಲೆಗೆ ಮಾರಿದ, ಗೊತ್ತಾಗಿದ್ದ ಮದುವೆ ಮುರಿಯಿತು. ಕೊನೆಗೆ ಧಾರವಾಡದಲ್ಲಿ ನನ್ನನ್ನು ಹೊರಗೆ ಕೂಡಿಸಿ ಅವ್ವನೊಬ್ಬಳನ್ನೇ ಒಳಗೆ ಕರೆದರು. ಅವಳು ಮೊದಲ ಮಾತಿಗೇ ಬೋರಿನ ಕಥೆ ಹೇಳಿದಳಂತೆ. ಆಮೇಲೆ ಹೆಸರು ಬೈಪೋಲಾರ್ ಎಂದು ಬದಲಾಯಿತು, ಕಿಡ್ನಿ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ, ಏರಿಳಿತ ತಡೆಯುವ ಲಿಥಿಯಂ ಆರಂಭಿಸಿದರು. ಅವನು ಈಗ ಹೊಲ ನೋಡಿಕೊಂಡಿದ್ದಾನೆ; ಗಾಣ ಮರಳಿ ಬರಲಿಲ್ಲ.

ಇಂಥ ಸಂದರ್ಶನ ಎಷ್ಟು ನಂಬಿಕೆಗೆ ಅರ್ಹ ಎಂಬುದನ್ನು ಅಳೆದವರಿದ್ದಾರೆ. ಒಬ್ಬನೇ ರೋಗಿಯನ್ನು ನೋಡಿದ ಇಬ್ಬರು ವೈದ್ಯರ ಅಭಿಪ್ರಾಯ ಎಷ್ಟು ಕೂಡುತ್ತದೆ ಎಂಬುದಕ್ಕೆ ಕಪ್ಪಾ ಎಂಬ ಅಳತೆ ಬಳಸುತ್ತಾರೆ: ಬರೀ ಆಕಸ್ಮಿಕವಾಗಿ ಕೂಡಿದರೆ 0, ಪೂರ್ತಿ ಕೂಡಿದರೆ 1. ಅಮೆರಿಕದ ಮನೋವೈದ್ಯರ ಸಂಘವು ಮನೋರೋಗಗಳನ್ನು ಗುರುತಿಸಲಿಕ್ಕೆ ಹೊರತಂದ ಕೈಪಿಡಿಯಾದ ಡಿಎಸ್‌ಎಂ-5ರ ಪ್ರಯೋಗದ ಫಲಿತಾಂಶ 2013ರಲ್ಲಿ ಪ್ರಕಟವಾದಾಗ ಸ್ಕಿಜೋಫ್ರೇನಿಯಾಕ್ಕೆ 0.46, ಬೈಪೋಲಾರ್ ಒಂದನೆಯ ವಿಧಕ್ಕೆ 0.56, ತೀವ್ರ ಖಿನ್ನತೆಗೆ ಕೇವಲ 0.28 ಬಂದಿತ್ತು. ಆದ್ದರಿಂದ ವಿಜಯಪುರದ ನಿಮ್ಮ ಇಬ್ಬರು ವೈದ್ಯರು ಕೂಡದಿದ್ದುದರಲ್ಲಿ ಸೋಜಿಗವೇನೂ ಇಲ್ಲ. ನನ್ನ ಕಣ್ಣು ತೆರೆಸಿದ್ದು 2015ರ ಇನ್ನೊಂದು ಅಧ್ಯಯನ. ಒಬ್ಬರು ನಡೆಸಿದ ಸಂದರ್ಶನದ ಧ್ವನಿಮುದ್ರಣವನ್ನೇ ಇನ್ನೊಬ್ಬರು ಕೇಳಿ ನಿರ್ಣಯಿಸಿದಾಗ ಸರಾಸರಿ ಕಪ್ಪಾ 0.80 ಇತ್ತು, ಅದೇ ರೋಗಿಗಳನ್ನು ಇನ್ನೊಬ್ಬರು ಬೇರೆಯಾಗಿ ಮಾತನಾಡಿಸಿದಾಗ ಅದು 0.47ಕ್ಕೆ ಇಳಿಯಿತು. ಒಂದೇ ಮಾತನ್ನು ಕೇಳಿದವರು ಬಹುಮಟ್ಟಿಗೆ ಒಂದೇ ತೀರ್ಮಾನಕ್ಕೆ ಬರುತ್ತಾರೆ, ಅಂತರ ಬೆಳೆಯುವುದು ಎರಡನೆಯ ಸಲ ಬೇರೆ ಮಾತು ಹೊರಬಂದಾಗ ಎಂದು ನಾನು ಅದನ್ನು ಓದಿಕೊಂಡೆ. ವೈದ್ಯರ ತಪ್ಪೇ ಇರುವುದಿಲ್ಲ ಎಂದು ಇದರ ಅರ್ಥವಲ್ಲ. ನ್ಯೂಯಾರ್ಕಿನಲ್ಲಿ ಸ್ಕಿಜೋಫ್ರೇನಿಯಾ ಅಷ್ಟೊಂದು ಹೆಚ್ಚು, ಲಂಡನ್ನಿನಲ್ಲಿ ಉನ್ಮಾದ-ಖಿನ್ನತೆ ಹೆಚ್ಚು ಏಕೆ ಎಂದು ಹುಡುಕಿ 1972ರಲ್ಲಿ ವರದಿ ಮಾಡಿದವರಿಗೆ, ಎರಡೂ ಕಡೆಯ ರೋಗಿಗಳನ್ನು ಒಂದೇ ಕ್ರಮದ ಪ್ರಶ್ನೆಗಳಿಂದ ಮಾತನಾಡಿಸಿದಾಗ ಆ ಅಂತರದ ಬಹುಪಾಲು ಕರಗಿಹೋದದ್ದು ಕಂಡಿತ್ತು. ಅಂದರೆ ಅಂತರ ಹೆಚ್ಚಾಗಿ ಇದ್ದದ್ದು ರೋಗಿಗಳಲ್ಲಲ್ಲ, ಎರಡೂ ಊರಿನ ವೈದ್ಯರು ಹೆಸರಿಡುವ ರೂಢಿಯಲ್ಲಿ.

ಹೀಗಾಗಿ ಮೂರನೆಯ ವೈದ್ಯರನ್ನು ಹುಡುಕಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಅವರಿಗೂ ನೀವು ಅದೇ ಅರ್ಧ ಕಥೆ ಹೇಳಿದರೆ ಮೂರನೆಯ ಹೆಸರೊಂದು ಸಿಕ್ಕೀತು, ಅಷ್ಟೆ. ಸ್ಕ್ಯಾನ್, ರಕ್ತಪರೀಕ್ಷೆಗಳನ್ನು ಮಾಡಿಸುವುದು ಥೈರಾಯ್ಡ್, ಮೂರ್ಛೆ, ಮೆದುಳಿನ ಗಡ್ಡೆ ಅಥವಾ ಸೋಂಕು ಇಲ್ಲವೆಂದು ತಿಳಿಯಲಿಕ್ಕೆ. ಈ ಎರಡು ಹೆಸರುಗಳಲ್ಲಿ ಒಂದನ್ನು ಅವು ಆರಿಸಿ ಕೊಡಲಾರವು. ಕ್ರಮಬದ್ಧ ಪ್ರಶ್ನಾವಳಿಗಳಿವೆ, ಎಸ್‌ಸಿಐಡಿ ಎಂಬುದಕ್ಕೆ ಒಂದು ತಾಸಿಗೂ ಹೆಚ್ಚು ಬೇಕಾಗಬಹುದು, ನಮ್ಮ ಜಿಲ್ಲೆಗಳ ಓಪಿಡಿಯ ಸಾಲಿನಲ್ಲಿ ಅದನ್ನು ನಿರೀಕ್ಷಿಸುವಂತಿಲ್ಲ.

ಬದಲಾಗಿ ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ. ತಾರೀಖು ಯಾರಿಗೂ ನೆನಪಿರುವುದಿಲ್ಲ, ಆದ್ದರಿಂದ ಕಾರಹುಣ್ಣಿಮೆ, ದಸರೆ, ದೀಪಾವಳಿ, ಸುಗ್ಗಿ ಎಂದು ವರ್ಷಗಳನ್ನು ಗುರುತಿಸಿ, ಒಂದೊಂದರ ಮುಂದೆ ಅಣ್ಣನ ನಿದ್ದೆ, ಮಾತು, ಹಣ, ಊಟ ಹೇಗಿತ್ತು, ಧ್ವನಿ ಕೇಳಿಸುತ್ತಿತ್ತೇ ಎಂದು ಬರೆಯಿರಿ. ನೀವು ಮೆಚ್ಚಿಕೊಂಡ ತಿಂಗಳುಗಳನ್ನು ಬಿಡಬೇಡಿ. ವೈದ್ಯರಿಗೆ ಎಲ್ಲಕ್ಕಿಂತ ಬೇಕಾದ ಸಂಗತಿಯೆಂದರೆ, ಅತಿ ಉತ್ಸಾಹವಾಗಲಿ ಮಂಕಾಗಲಿ ಇಲ್ಲದ ದಿನಗಳಲ್ಲಿಯೂ ಭ್ರಮೆ ಮತ್ತು ಧ್ವನಿ ಇದ್ದವೇ ಎಂಬುದು. ಮನಸ್ಸು ಸಮವಾಗಿದ್ದಾಗಲೂ ಅವು ಎರಡು ವಾರ ಅಥವಾ ಹೆಚ್ಚು ಇದ್ದಿದ್ದರೆ ಬೈಪೋಲಾರ್ ಒಂದೇ ಸಾಲದು, ಸ್ಕಿಜೋಫ್ರೇನಿಯಾ ಅಥವಾ ಎರಡರ ನಡುವಿನ ಸ್ಕಿಜೋಅಫೆಕ್ಟಿವ್ ಎಂಬ ಕಾಯಿಲೆಯ ಕಡೆಗೆ ಅವರು ನೋಡುತ್ತಾರೆ. ಆ ಎರಡು ವಾರಗಳನ್ನು ಕಂಡವರು ಮನೆಯವರೇ. ಎರಡೂ ಕಡೆಯ ಚೀಟಿಗಳನ್ನು ಜೊತೆಗೆ ಒಯ್ಯಿರಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 25ನೆಯ ಕಲಮಿನಂತೆ ತನ್ನ ಚಿಕಿತ್ಸೆಯ ಮೂಲಭೂತ ದಾಖಲೆಗಳನ್ನು ಪಡೆಯುವ ಹಕ್ಕು ನಿಮ್ಮ ಅಣ್ಣನಿಗಿದೆ. ಹೆಸರಿನ ಗೊಂದಲ ಮುಗಿಯಲಿ ಎಂದು ಈಗಿನ ಗುಳಿಗೆಯನ್ನು ನಿಲ್ಲಿಸಲೇಬೇಡಿ. ರಾತ್ರಿ ಹೊತ್ತು ಪರಿಸ್ಥಿತಿ ಕೈಮೀರುವಂತಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲಿಯೇ ಮಾತನಾಡುತ್ತಾರೆ.

ವೈನಿ ಬೇಸತ್ತು ತವರಿಗೆ ಹೋಗಿದ್ದಾರೆ ಎಂದು ಪ್ರಶ್ನೆಯ ಕೊನೆಯಲ್ಲಿ ಬರೆದಿದ್ದೀರಿ. ಅಣ್ಣ ಎಷ್ಟು ಹೊತ್ತಿಗೆ ಮಲಗುತ್ತಿದ್ದರು, ಯಾವ ತಿಂಗಳಲ್ಲಿ ಯಾರಿಗೆ ಹಣ ಕೊಟ್ಟರು ಎಂಬುದು ನಿಮಗಿಂತ ಚೆನ್ನಾಗಿ ಅವರಿಗೇ ಗೊತ್ತಿರುತ್ತದೆ, ಮತ್ತು ಎರಡೂ ಭೇಟಿಗಳಲ್ಲಿ ಅವರು ಇರಲಿಲ್ಲ. ಅವರು ಬರಲು ಒಪ್ಪದಿದ್ದರೆ, ಎರಡನೆಯ ವೈದ್ಯರಲ್ಲಿಗೇ ಮರಳಿ ಹೋಗಿ, ನೀವು ಹೊರಗೆ ನಿಂತು, ವೈನಿಯ ಜೊತೆ ಫೋನಿನಲ್ಲಿ ಹತ್ತು ನಿಮಿಷ ಮಾತನಾಡುವಂತೆ ವೈದ್ಯರನ್ನು ಕೇಳಿಕೊಳ್ಳಿ.