ಮುಚ್ಚಿದರೂ ಮಲಗದ ಲ್ಯಾಪ್‌ಟಾಪ್

ಪ್ರಶ್ನೆ: ಕಲಬುರಗಿ ಗಂಜ್‌ನಲ್ಲಿ ತೊಗರಿ ಅಂಗಡಿಯ ಲೆಕ್ಕ ಬರೆಯುತ್ತೇನೆ. ಉಬುಂಟು ಅಪ್‌ಡೇಟ್ ಆದ ಮೇಲೆ ಲ್ಯಾಪ್‌ಟಾಪ್ ಮುಚ್ಚಿದರೂ ಫ್ಯಾನ್ ತಿರುಗುತ್ತಲೇ ಇರುತ್ತದೆ. ಶಟ್‌ಡೌನ್ ಕೊಟ್ಟರೆ ಪರದೆ ಕಪ್ಪಾಗುತ್ತದೆ, ಪವರ್ ಲೈಟ್ ಮಾತ್ರ ಆರುವುದಿಲ್ಲ. ಫಾರ್ಮ್ಯಾಟ್ ಮಾಡಿಸಲೇ?

ಉತ್ತರ: ಬೇಡವೇ ಬೇಡ ಸರ್. ಎಲ್ಲದಕ್ಕೂ ಫಾರ್ಮ್ಯಾಟ್ ಅನ್ನುವವರ ಮಾತು ಸುಮ್ನೆ ಕೇಳಬೇಡಿ. ಉಬುಂಟು ಸಾಮಾನ್ಯವಾಗಿ ಹಿಂದಿನ ಕರ್ನಲ್ (ಯಂತ್ರವನ್ನು ನಡೆಸುವ ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಒಂದನ್ನು ಉಳಿಸಿಕೊಂಡೇ ಇರುತ್ತದೆ. ಆನ್ ಮಾಡಿ, ಕಂಪನಿಯ ಲೋಗೊ ಮಾಯವಾಗುತ್ತಿದ್ದಂತೆ ಎಸ್ಕೇಪ್ ಕೀ ಒತ್ತಿ. ಒಂದೇ ಸಲ! ಪಟಪಟ ಒತ್ತಿದರೆ ಗ್ರಬ್‌ನ (ಯಾವ ಕರ್ನಲ್ ಶುರುವಾಗಬೇಕೆಂದು ಕೇಳುವ ಮೆನು ಅದರದ್ದೇ) ಖಾಲಿ ಪ್ರಾಂಪ್ಟ್‌ಗೆ ಹೋಗಿ ಬೀಳುತ್ತೀರಿ. ಬಯಾಸ್ ಅನ್ನುವ ಹಳೇ ಆರಂಭ ವ್ಯವಸ್ಥೆಯ ಯಂತ್ರವಾದರೆ ಶಿಫ್ಟ್ ಹಿಡಿದಿಟ್ಟುಕೊಳ್ಳಿ. ‘ಅಡ್ವಾನ್ಸ್ಡ್ ಆಪ್ಷನ್ಸ್’ ಒಳಗೆ ಹಿಂದಿನ ಸಂಖ್ಯೆಯ ಕರ್ನಲ್ ಆರಿಸಿ. ಎರಡೂ ತೊಂದರೆ ಹೋದವಾ? ಹಾಗಾದರೆ ತಪ್ಪು ಹೊಸ ಕರ್ನಲ್‌ನದ್ದು, ಇಲ್ಲವೇ ಅದಕ್ಕೆ ಹೊಂದದ ಡ್ರೈವರ್‌ನದ್ದು. ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಇದ್ದರೆ ನನ್ನ ಅನುಮಾನ ಮೊದಲು ಅದರ ಮೇಲೆಯೇ. ‘ಅಡಿಷನಲ್ ಡ್ರೈವರ್ಸ್’ನಲ್ಲಿ ಬೇರೆ ಆವೃತ್ತಿ ಹಾಕಿ ನೋಡಿ. ಮುಂದಿನ ಅಪ್‌ಡೇಟ್ ಬರುವವರೆಗೆ ಹಳೇ ಕರ್ನಲ್‌ನಲ್ಲೇ ಲೆಕ್ಕ ಬರೆಯಿರಿ, ಏನೂ ಆಗಲ್ಲ. ಅಲ್ಲಿಯ ತನಕ ಮುಚ್ಚಿದ ತಕ್ಷಣ ಬ್ಯಾಗಿಗೆ ಹಾಕಬೇಡಿ. ನಮ್ಮ ಮೇ ತಿಂಗಳ ಬಿಸಿಲಲ್ಲಿ ಬ್ಯಾಟರಿಗೆ ಅದು ಒಳ್ಳೆಯದಲ್ಲ.

ಹಳೇ ಕರ್ನಲ್‌ನಲ್ಲೂ ಇದೇ ಹಾಡಾದರೆ, ಜರ್ನಲ್‌ಸಿಟಿಎಲ್‌ನಲ್ಲಿ (ಸಿಸ್ಟಮ್ ದಾಖಲೆ ತೋರಿಸುವ ಟರ್ಮಿನಲ್ ಆಜ್ಞೆ, journalctl) ಹಿಂದಿನ ಬೂಟ್‌ನ, ಅಂದರೆ ಹಿಂದಿನ ಸಲ ಆನ್ ಮಾಡಿದಾಗಿನ, ಕೊನೆಯ ಸಾಲುಗಳನ್ನು ಓದಿ. ಎಲ್ಲಿ ಸಿಕ್ಕಿಕೊಂಡಿತು ಅನ್ನುವ ಸುಳಿವು ಹೆಚ್ಚಾಗಿ ಅಲ್ಲೇ ಇರುತ್ತದೆ. ಆ ಸಾಲುಗಳನ್ನು ನಮಗೂ ಬರೆದು ಕಳಿಸಿ.