ಸುಮ್ಮನೆ ಕುಳಿತರೆ ಗದ್ದಲವೇಕೆ?

ಪ್ರಶ್ನೆ: ದಿನವೂ ಸ್ವಲ್ಪ ಹೊತ್ತು ಸುಮ್ಮನೆ ಕುಳಿತು ಒಳದನಿಯನ್ನು ಆಲಿಸಲು ಯತ್ನಿಸುತ್ತಿದ್ದೇನೆ. ಆದರೆ ಬಾಕಿ ಕೆಲಸಗಳು, ಹಳೆಯ ಜಗಳಗಳು ನೆನಪಾಗಿ ಕೈ ತಾನಾಗಿ ಮೊಬೈಲ್‌ನತ್ತ ಹೋಗುತ್ತದೆ. ಒಳದನಿ ಯಾವುದು, ಬರೀ ಆತಂಕ ಯಾವುದು ಎಂದು ತಿಳಿಯುವುದು ಹೇಗೆ?

ಉತ್ತರ: ಇದು ನಿಮ್ಮೊಬ್ಬರ ಪಾಡಲ್ಲ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, 15 ನಿಮಿಷ ಒಬ್ಬರೇ ಯೋಚಿಸುತ್ತ ಕೂರಬೇಕಾಗಿ ಬಂದಾಗ 18 ಪುರುಷರಲ್ಲಿ 12 ಮಂದಿ, 24 ಮಹಿಳೆಯರಲ್ಲಿ 6 ಮಂದಿ ತಾವಾಗಿಯೇ ಗುಂಡಿ ಒತ್ತಿ ಸಣ್ಣ ವಿದ್ಯುತ್ ಆಘಾತ ಪಡೆದರು. (ಇಷ್ಟು ಕಡಿಮೆ ಜನರನ್ನು ನೋಡಿ ಪುರುಷರ ಸಹನೆಯನ್ನು ಅಳೆಯುವುದು ಬೇಡ.) ಹೊರಗಿನ ಕೆಲಸವಿಲ್ಲದಾಗಲೂ ಮಿದುಳು ಸುಮ್ಮನಿರದೆ ನೆನಪುಗಳತ್ತ, ನಾಳಿನ ಯೋಜನೆಗಳತ್ತ ಹೊರಳುವುದರಿಂದ, ಆರಂಭದ ಗದ್ದಲವನ್ನು ಸೋಲೆಂದು ಭಾವಿಸದೆ, ಬಾಕಿ ಕೆಲಸಗಳನ್ನು ಕಾಗದದಲ್ಲಿ ಬರೆದಿಟ್ಟು, ಮೊಬೈಲನ್ನು ಬೇರೆ ಕೋಣೆಯಲ್ಲಿರಿಸಿ ಕುಳಿತುಕೊಳ್ಳಿ.

ಆತಂಕವು ಸಾಮಾನ್ಯವಾಗಿ ಒಂದೇ ಪ್ರಶ್ನೆಯ ಸುತ್ತ ತಿರುಗುತ್ತ ತಕ್ಷಣದ ಉತ್ತರಕ್ಕೆ ಒತ್ತಾಯಿಸುತ್ತದೆ. ಒಳದನಿಗೆ ಆ ಅವಸರವಿಲ್ಲ. ಬರೆದಿಟ್ಟು ವಾರದ ಬಳಿಕ ಓದಿದರೂ ಆ ಮಾತು ಸರಿಯೆನಿಸುತ್ತದೆ. ಆದರೂ ಅದು ಎಂದೂ ತಪ್ಪುವುದಿಲ್ಲವೆಂದು ನಾನು ಹೇಳಲಾರೆ. ಹಣ, ಆರೋಗ್ಯದ ವಿಷಯಗಳಲ್ಲಿ ಬಲ್ಲವರನ್ನೂ ಕೇಳಿ. ಕುಳಿತಷ್ಟೂ ಕಳವಳ ಹೆಚ್ಚಿ ನಿದ್ರೆ ಕೆಡುತ್ತಿದ್ದರೆ ಮನೋವೈದ್ಯರನ್ನು ಕಾಣಿರಿ.