ಕಮ್ಯುನಿಟಿ ಬಾಂಡ್ ಕೊಳ್ಳಲಾ, ಬೇಡ್ವಾ?

ಈ ತಿಂಗಳು ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯಕ್ಕೆ ಬಂದು ನಿಂತಿವೆ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟಿದ್ದೇನೆ. ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ನಾವು ಕೆನಡಾಕ್ಕೆ ಬಂದು ಒಂಬತ್ತು ವರ್ಷ ಆಯ್ತು. ಮೊದಲ ನಾಲ್ಕು ವರ್ಷ ಬೇಸ್‌ಮೆಂಟ್ ಮನೆಯಲ್ಲಿದ್ದೆವು, ಬಾಡಿಗೆಯ ಕಷ್ಟ ಏನು ಅಂತ ಚೆನ್ನಾಗಿ ಗೊತ್ತು. ಈಗ ಪರಿಚಯದ ಒಂದು ಸಂಸ್ಥೆಯವರು ಹಳೇ ಅಪಾರ್ಟ್‌ಮೆಂಟ್ ಕಟ್ಟಡ ಕೊಳ್ಳುತ್ತಿದ್ದಾರೆ. ಮೇಲೆ ಕಡಿಮೆ ಬಾಡಿಗೆಯ ಮನೆಗಳು, ಕೆಳಗೆ ಸುತ್ತಮುತ್ತಲಿನವರಿಗೆ ಒಂದು ಹಾಲ್. ಅದಕ್ಕೆ ಕಮ್ಯುನಿಟಿ ಬಾಂಡ್ ಮಾರುತ್ತಿದ್ದಾರೆ. ಕನಿಷ್ಠ 1,000 ಡಾಲರ್, ಐದು ವರ್ಷ, 4% ಬಡ್ಡಿ. ಇದು ದಾನವಾ, ಹೂಡಿಕೆಯಾ? ನಮ್ಮ ಯಜಮಾನರು ‘ಸುಮ್ನೆ ಬ್ಯಾಂಕಲ್ಲಿ ಇಡು’ ಅಂತಾರೆ.
— ಒಬ್ಬ ಓದುಗರು, ಮಿಸ್ಸಿಸಾಗ

ಉತ್ತರ: ದಾನ ಅಲ್ಲ, ಸಾಲ. ನೀವು ಆ ಸಂಸ್ಥೆಗೆ ಕೊಡುವ ಸಾಲ. ವರ್ಷವರ್ಷ ಬಡ್ಡಿ ಕೊಡುತ್ತೇವೆ, ಐದು ವರ್ಷ ಆದ ಮೇಲೆ ಅಸಲು ವಾಪಸ್ ಕೊಡುತ್ತೇವೆ ಅಂತ ಅವರು ಬರೆದುಕೊಡುವ ಕಾಗದವೇ ಬಾಂಡ್. ದಾನದ ರಸೀದಿ ಸಿಗಲ್ಲ, ಕಟ್ಟಡದ ಬೆಲೆ ಏರಿದರೆ ಅದರಲ್ಲಿ ಪಾಲೂ ಸಿಗಲ್ಲ.

ಯಾಕೆ ನಿಮ್ಮ ಹತ್ತಿರ ಬಂದರು ಅಂದರೆ, ಬ್ಯಾಂಕು ಪೂರ್ತಿ ದುಡ್ಡು ಕೊಡಲ್ಲ. ಊರಲ್ಲಿ ಮನೆ ಕಟ್ಟೋಕೆ ಸಾಲ ಕೇಳಿದರೆ ‘ನಿಮ್ಮ ಕೈಯಿಂದ ಎಷ್ಟು ಹಾಕ್ತೀರಿ?’ ಅಂತ ಮ್ಯಾನೇಜರ್ ಮೊದಲು ಕೇಳ್ತಾರಲ್ವಾ, ಅಲ್ಲೂ ಹಾಗೇ. ಲಾಭದ ಕಂಪನಿಯಾದರೆ ಷೇರು ಮಾರಿ ಆ ಪಾಲು ಹೊಂದಿಸುತ್ತದೆ. ಲಾಭಕ್ಕಲ್ಲದ ಸಂಸ್ಥೆಗೆ ಮಾರೋಕೆ ಷೇರೇ ಇರಲ್ಲ. ಸರ್ಕಾರದ ಅನುದಾನ ಬರೋ ಹೊತ್ತಿಗೆ ಕಟ್ಟಡ ಇನ್ಯಾರದೋ ಪಾಲಾಗಿರುತ್ತದೆ.

ನಿಮ್ಮ ಒಂಟಾರಿಯೊದಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇದೆ. ಹಳೇ ಬಾಡಿಗೆದಾರರು ಇರುವವರೆಗೆ ವರ್ಷಕ್ಕೆ ಇಷ್ಟೇ ಏರಿಸಬೇಕು ಅನ್ನೋ ಮಿತಿ ಇದೆ, ಆದರೆ ಅವರು ಬಿಟ್ಟುಹೋದ ದಿನ ಮಾಲೀಕರು ಮನಸ್ಸಿಗೆ ಬಂದಷ್ಟು ಬಾಡಿಗೆ ಕೇಳಬಹುದು. ಅದಕ್ಕೇ ಹಳೇ ಕಟ್ಟಡ ಕೈ ಬದಲಾದರೆ ಒಳಗಿರುವವರಿಗೆ ನಿದ್ದೆ ಬರಲ್ಲ, ರಿಪೇರಿ ನೆಪದಲ್ಲಿ ಮನೆ ಖಾಲಿ ಮಾಡಿಸುತ್ತಾರೇನೋ ಅನ್ನೋ ಭಯ. ಮಾರುವ ಉದ್ದೇಶವೇ ಇಲ್ಲದ ಸಂಸ್ಥೆ ಅದನ್ನು ಕೊಂಡರೆ ಆ ಭಯ ಹೋಗುತ್ತದೆ. ನನಗೆ ಈ ಬಾಂಡ್ ಮೇಲೆ ಪ್ರೀತಿ ಇರೋದು ಇದೇ ಕಾರಣಕ್ಕೆ.

ಈ ಪದ್ಧತಿಗೆ ಹೆಸರು ತಂದದ್ದು ನಿಮ್ಮ ಪಕ್ಕದ ಟೊರೊಂಟೊ. ಸೆಂಟರ್ ಫಾರ್ ಸೋಶಿಯಲ್ ಇನ್ನೊವೇಶನ್ ಅನ್ನೋ ಸಂಸ್ಥೆ ಸಣ್ಣಪುಟ್ಟ ಸೇವಾಸಂಸ್ಥೆಗಳಿಗೆ ಒಂದೇ ಸೂರಿನಡಿ ಜಾಗ ಕೊಡುತ್ತಿತ್ತು. 2010ರಲ್ಲಿ ಅವರು ಬ್ಯಾಥರ್ಸ್ಟ್ ರಸ್ತೆಯ ಕಟ್ಟಡಕ್ಕಾಗಿ ಜನರಿಂದ 20 ಲಕ್ಷ ಡಾಲರ್ ಬಾಂಡ್ ಮೂಲಕ ಎತ್ತಿದರು, ನಗರಸಭೆ ಅವರ ಸಾಲಕ್ಕೆ ಜಾಮೀನು ನಿಂತಿತು. 2014ರಲ್ಲಿ ಸ್ಪಡೈನಾ ರಸ್ತೆಯ ಇನ್ನೊಂದು ಕಟ್ಟಡಕ್ಕೆ 43 ಲಕ್ಷ ಡಾಲರ್ ಎತ್ತಿದರು. ಅವು ಮನೆಗಳಲ್ಲ, ಕೆಲಸದ ಜಾಗಗಳು. ಆಮೇಲೆ ಬಾಡಿಗೆ ಮನೆಗೂ ಇದೇ ದಾರಿ ಹಿಡಿದವರಿದ್ದಾರೆ. ಬ್ರಿಟಿಷ್ ಕೊಲಂಬಿಯಾದ ಕ್ಯಾಮ್‌ಲೂಪ್ಸ್ ಊರಿನ ಪ್ರೊಪೊಲಿಸ್ ಅನ್ನೋ ವಸತಿ ಸಹಕಾರ ಸಂಘ ಅದರಲ್ಲೊಂದು.

ಈಗ ಪೆನ್ನು ಕಾಗದ ತಗೊಳ್ಳಿ, ಒಂದು ಲೆಕ್ಕ ಮಾಡೋಣ. ಇದು ಉದಾಹರಣೆ ಅಷ್ಟೇ, ನಿಮ್ಮ ಕಟ್ಟಡದ ಅಂಕಿ ಅವರನ್ನೇ ಕೇಳಿ. ಹತ್ತು ಮನೆಯ ಕಟ್ಟಡ, ಬೆಲೆ 30 ಲಕ್ಷ ಡಾಲರ್. ಬ್ಯಾಂಕು 20 ಲಕ್ಷ ಕೊಟ್ಟಿತು. ಉಳಿದ 10 ಲಕ್ಷವನ್ನು ಸಾವಿರ ಜನ ತಲಾ ಸಾವಿರದಂತೆ ಕೊಟ್ಟರು. 4% ಅಂದರೆ ವರ್ಷಕ್ಕೆ 40,000 ಡಾಲರ್ ಬಡ್ಡಿ. ಹತ್ತು ಮನೆಗೆ ಹಂಚಿದರೆ ಒಂದು ಮನೆಗೆ 4,000, ತಿಂಗಳಿಗೆ 333. ಗಮನಿಸಿದಿರಾ? ನಿಮ್ಮ ಬಡ್ಡಿ ಬರೋದು ಅಲ್ಲಿ ವಾಸ ಮಾಡುವವರ ಬಾಡಿಗೆಯಿಂದಲೇ. ಅದೇ ಬಾಂಡಿಗೆ 3% ಬಡ್ಡಿ ಇಟ್ಟರೆ ಒಂದು ಮನೆಗೆ ತಿಂಗಳಿಗೆ 250 ಬೀಳುತ್ತದೆ. ನಿಮಗೆ ವರ್ಷಕ್ಕೆ ಹತ್ತು ಡಾಲರ್ ಕಡಿಮೆ, ಅಲ್ಲಿರೋ ಮನೆಯವರಿಗೆ ತಿಂಗಳಿಗೆ 83 ಡಾಲರ್ ಉಳಿತಾಯ. ಹಾಗಾಗಿ ‘ಇನ್ನೂ ಅರ್ಧ ಪರ್ಸೆಂಟ್ ಜಾಸ್ತಿ ಕೊಡ್ತೀರಾ?’ ಅಂತ ಕೇಳೋ ಮುಂಚೆ ಆ ದುಡ್ಡು ಯಾರ ಜೇಬಿಂದ ಬರುತ್ತೆ ಅಂತ ಯೋಚಿಸಿ.

ಯಜಮಾನರ ಮಾತಿನಲ್ಲೂ ನ್ಯಾಯ ಇದೆ. ಬ್ಯಾಂಕಿನ ಠೇವಣಿಗೆ ಕೆನಡಾದಲ್ಲಿ 1 ಲಕ್ಷ ಡಾಲರ್‌ವರೆಗೆ ವಿಮೆ ಇದೆ. ಬಾಂಡಿಗೆ ಯಾವ ವಿಮೆಯೂ ಇಲ್ಲ. ಮಧ್ಯದಲ್ಲಿ ಕೊಡಿ ಅಂದರೆ ಕೊಡಬೇಕಾದ ಕಟ್ಟುಪಾಡೂ ಸಾಮಾನ್ಯವಾಗಿ ಅವರಿಗೆ ಇರಲ್ಲ. ನನ್ನನ್ನು ಕೇಳಿದರೆ, ಐದಲ್ಲ ಏಳು ವರ್ಷ ಆ ದುಡ್ಡು ಕೈಗೆ ಬರದಿದ್ದರೂ ಮನೆ ನಡೆಯುತ್ತೆ ಅನ್ನೋ ಹಾಗಿದ್ದರೆ 1,000 ಡಾಲರ್ ಕೊಡಿ. ಮಕ್ಕಳ ಕಾಲೇಜಿಗೆ ಇಟ್ಟ ದುಡ್ಡನ್ನು ಮುಟ್ಟಬೇಡಿ.

ಪ್ರಶ್ನೆ: ನಾನು ನಿವೃತ್ತ. ಇಂಥದ್ದೇ ಒಂದು ಬಾಂಡಿನ ಸಭೆಗೆ ಹೋಗಿದ್ದೆ. ‘ಕಟ್ಟಡವೇ ಆಧಾರ, ದುಡ್ಡು ಎಲ್ಲೂ ಹೋಗಲ್ಲ’ ಅಂದರು. ನಂಬಬಹುದಾ? ಆರ್‌ಆರ್‌ಎಸ್‌ಪಿ (ನಿವೃತ್ತಿಗೆಂದು ಇಲ್ಲಿ ಇಡುವ ಉಳಿತಾಯ ಖಾತೆ) ದುಡ್ಡನ್ನೇ ಹಾಕಬಹುದು ಅಂತಲೂ ಹೇಳಿದರು.
— ಬ್ರಾಂಪ್ಟನ್‌ನಿಂದ ಹಿರಿಯರೊಬ್ಬರು

ಉತ್ತರ: ಸರ್, ಮೊದಲು ನಮ್ಮ ಮನೆಯ ಒಂದು ವಿಷಯ ಹೇಳ್ತೀನಿ. ನಮ್ಮ ತಂದೆ ನಿವೃತ್ತಿ ದುಡ್ಡಿನ ಒಂದು ಭಾಗವನ್ನು ಊರಿನ ಸಂಘವೊಂದರಲ್ಲಿ ಇಟ್ಟಿದ್ದರು. ಬ್ಯಾಂಕಿಗಿಂತ ಒಂದೂವರೆ ಪರ್ಸೆಂಟ್ ಜಾಸ್ತಿ ಬಡ್ಡಿ, ಎಲ್ಲ ನಮ್ಮವರೇ, ಕಟ್ಟಡ ಸ್ವಂತದ್ದು. ಒಂದು ದಿನ ಷಟರ್ ಅರ್ಧ ಇಳಿಸಿ ಟೋಕನ್ ಕೊಡೋಕೆ ಶುರು ಮಾಡಿದರು. ಅಪ್ಪ ಆರು ವರ್ಷ, ತಿಂಗಳಿಗೊಂದು ಸಲ, ಆ ಹಸಿರು ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಹೋಗಿ ಬರುತ್ತಿದ್ದರು. ಸ್ವಲ್ಪ ಬಂತು, ಪೂರ್ತಿ ಬರಲಿಲ್ಲ. ಆವತ್ತಿಂದ ‘ಕಟ್ಟಡವೇ ಆಧಾರ’ ಅಂದರೆ ನಾನು ಮುಂದಿನ ಪ್ರಶ್ನೆ ಕೇಳದೆ ಬಿಡಲ್ಲ.

ಮುಂದಿನ ಪ್ರಶ್ನೆ ಏನಪ್ಪಾ ಅಂದರೆ, ಆಧಾರದಲ್ಲಿ ನಿಮ್ಮ ಸರದಿ ಎಷ್ಟನೆಯದು? ಮೊದಲ ಅಡಮಾನ ಬ್ಯಾಂಕಿನದ್ದು. ಕಟ್ಟಡ ಮಾರುವ ಪರಿಸ್ಥಿತಿ ಬಂದರೆ ಬ್ಯಾಂಕು ತನ್ನದನ್ನು ಪೂರ್ತಿ ತಗೊಂಡ ಮೇಲೆ ಉಳಿದದ್ದು ನಿಮಗೆ. ಮೇಲಿನ ಲೆಕ್ಕದ ಕಟ್ಟಡ 30ಕ್ಕೆ ಬದಲು 26 ಲಕ್ಷಕ್ಕೆ ಹೋಯಿತು ಅಂದುಕೊಳ್ಳಿ. ಬ್ಯಾಂಕಿಗೆ 20, ಬಾಂಡಿನವರಿಗೆ 10ರ ಬದಲು 6, ಅಂದರೆ ನಿಮ್ಮ ಸಾವಿರಕ್ಕೆ ಆರುನೂರು. ಕೆಲವು ಬಾಂಡ್‌ಗಳಿಗೆ ಎರಡನೇ ಅಡಮಾನವೂ ಇರಲ್ಲ, ಬರೀ ಬರವಣಿಗೆಯ ಭರವಸೆ. ಎರಡಕ್ಕೂ ಬಹಳ ವ್ಯತ್ಯಾಸ ಇದೆ. ಇನ್ನೊಂದು ಮಾತು, ಷೇರು ಮಾರುವ ಕಂಪನಿಗಳ ಹಾಗೆ ಪ್ರಾಸ್ಪೆಕ್ಟಸ್, ಅಂದರೆ ಹೂಡಿಕೆದಾರರಿಗೆ ಎಲ್ಲ ವಿವರ ಕೊಡುವ ಪುಸ್ತಿಕೆ, ಹೊರಡಿಸಲೇಬೇಕು ಅನ್ನೋ ನಿಯಮದಿಂದ ಇಂಥ ಲಾಭಕ್ಕಲ್ಲದ ಸಂಸ್ಥೆಗಳಿಗೆ ಅಲ್ಲಿ ವಿನಾಯಿತಿ ಇದೆ. ಅದರಿಂದ ಖರ್ಚು ಉಳಿಯುತ್ತದೆ, ನಿಜ. ಆದರೆ ಕಾಗದ ಓದುವ ಕೆಲಸ ನಿಮ್ಮ ತಲೆ ಮೇಲೆ ಬೀಳುತ್ತದೆ.

ಐದನೇ ವರ್ಷ ಅಸಲು ಎಲ್ಲಿಂದ ಬರುತ್ತೆ ಅಂತಲೂ ಕೇಳಿ. ಕಡಿಮೆ ಬಾಡಿಗೆಯ ಮನೆಗಳಿಂದ ಐದೇ ವರ್ಷದಲ್ಲಿ 10 ಲಕ್ಷ ಉಳಿಸೋದು ಆಗದ ಮಾತು. ಸಾಮಾನ್ಯವಾಗಿ ಹಳೇ ಬಾಂಡ್ ತೀರಿಸೋಕೆ ಹೊಸ ಬಾಂಡ್ ಮಾರುತ್ತಾರೆ, ಇಲ್ಲಾ ಬ್ಯಾಂಕಿನಿಂದ ಹೊಸ ಸಾಲ ಎತ್ತುತ್ತಾರೆ. ಇದರಲ್ಲಿ ಮೋಸ ಏನೂ ಇಲ್ಲ, ಆದರೆ ಆ ಹೊತ್ತಿನ ಬಡ್ಡಿ ದರ ಇವರ ಕೈಯಲ್ಲಿಲ್ಲ. 2023ರ ಜುಲೈನಲ್ಲಿ ಬ್ಯಾಂಕ್ ಆಫ್ ಕೆನಡಾ ತನ್ನ ದರವನ್ನು 5%ಗೆ ಏರಿಸಿತ್ತು, ನೆನಪಿದೆಯಲ್ವಾ? ವಿಮೆ ಇರುವ ಜಿಐಸಿಯಲ್ಲೇ (ಅಲ್ಲಿನ ಬ್ಯಾಂಕಿನ ನಿಶ್ಚಿತ ಠೇವಣಿ) 5% ಸಿಗುವಾಗ 4%ನ ಬಾಂಡ್ ಕೊಳ್ಳಿ ಅಂತ ಜನರನ್ನು ಒಪ್ಪಿಸೋದು ಎಷ್ಟು ಕಷ್ಟ ಯೋಚಿಸಿ. ‘ನಮ್ಮ ಗಡುವು ಅಂಥ ವರ್ಷದಲ್ಲಿ ಬಂದರೆ ಏನು ಮಾಡ್ತೀರಿ?’ ಅಂತ ನೇರವಾಗಿ ಕೇಳಿ. ‘ಪ್ರತಿವರ್ಷ ಬಾಡಿಗೆಯಲ್ಲಿ ಇಷ್ಟು ಎತ್ತಿಡುತ್ತೇವೆ, ಎಲ್ಲರ ಗಡುವೂ ಒಂದೇ ವರ್ಷ ಬೀಳದ ಹಾಗೆ ಹಂಚಿದ್ದೇವೆ’ ಅಂತ ಅಂಕಿ ಸಮೇತ ಉತ್ತರ ಬಂದರೆ ಅವರು ಕೆಲಸ ಬಲ್ಲವರು.

ಆರ್‌ಆರ್‌ಎಸ್‌ಪಿಯಲ್ಲಿ ಇಡಬಹುದಾದ ಬಾಂಡ್‌ಗಳು ಇವೆ, ಅದು ಸರಿ. ಆದರೆ ಎಲ್ಲ ಬ್ಯಾಂಕೂ ಒಪ್ಪಲ್ಲ, ಒಪ್ಪುವ ಟ್ರಸ್ಟ್ ಕಂಪನಿ ಖಾತೆಗೆ ವರ್ಷಾವರ್ಷ ಶುಲ್ಕ ಕೇಳಬಹುದು. ಸಾವಿರ ಡಾಲರಿಗೆ ಬರೋ ನಲವತ್ತು ಡಾಲರನ್ನು ಆ ಶುಲ್ಕವೇ ನುಂಗಿಬಿಡುತ್ತದೆ. ನಿಮ್ಮ ವಯಸ್ಸಿಗೆ ನಾನು ಹೇಳೋದು ಇಷ್ಟೇ, ಪಿಂಚಣಿ ದುಡ್ಡು ಬೇಡ. ಕೊಡಲೇಬೇಕು ಅನಿಸಿದರೆ ಮೊಮ್ಮಕ್ಕಳ ಹೆಸರಲ್ಲಿ ಒಂದು ಸಣ್ಣ ಬಾಂಡ್ ಸಾಧ್ಯವಾ ಅಂತ ವಿಚಾರಿಸಿ.

ಪ್ರಶ್ನೆ: ನಮ್ಮೂರಿನ ಹಳೇ ಅಕ್ಕಿ ಗಿರಣಿ ಮಾರಾಟಕ್ಕಿದೆ. ನಾಟಕಕ್ಕೆ, ಮದುವೆಗೆ ಎಲ್ಲರಿಗೂ ಆಗುವಂಥ ಜಾಗ. ಹಿಂದಿನ ಗೋದಾಮಿನಲ್ಲಿ ಹಳ್ಳಿಯಿಂದ ಓದೋಕೆ ಬರೋ ಮಕ್ಕಳಿಗೆ ಕಡಿಮೆ ಬಾಡಿಗೆ ಕೋಣೆ ಮಾಡಬಹುದು. ನಾವೂ ಊರವರಿಗೆ ಬಾಂಡ್ ಮಾರಬಹುದಾ?
— ಯುವಕರ ಬಳಗ, ಸಾಗರ ತಾಲ್ಲೂಕು

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ತುಂಬಾ ಒಳ್ಳೆ ಯೋಚನೆ, ಆದರೆ ದಯವಿಟ್ಟು ರಸೀದಿ ಪುಸ್ತಕ ಅಚ್ಚು ಹಾಕಿಸಬೇಡಿ. ಬಳಗ ಅಥವಾ ಟ್ರಸ್ಟ್ ಹೆಸರಲ್ಲಿ ‘ಬಡ್ಡಿ ಸಮೇತ ವಾಪಸ್ ಕೊಡ್ತೀವಿ’ ಅಂತ ಊರವರಿಂದ ದುಡ್ಡು ಎತ್ತಿದರೆ, 2019ರ ಅನಿಯಂತ್ರಿತ ಠೇವಣಿ ನಿಷೇಧ ಕಾನೂನಿನಡಿ ನಿಮ್ಮ ಮೇಲೇ ಕೇಸ್ ಆಗಬಹುದು. ಕಂಪನಿ ಮಾಡಿಕೊಂಡರೂ, ಖಾಸಗಿಯಾಗಿ ಬಾಂಡ್ ಕೊಡಬಹುದಾದದ್ದು ವರ್ಷಕ್ಕೆ 200 ಜನರಿಗೆ ಮಾತ್ರ, ಅದಕ್ಕೂ ನಿಯಮ ಬಹಳ.

ಸೇವಾಸಂಸ್ಥೆಗಳು ದುಡ್ಡು ಎತ್ತೋಕೆ ಷೇರುಪೇಟೆಯಲ್ಲೇ ಸೋಶಿಯಲ್ ಸ್ಟಾಕ್ ಎಕ್ಸ್‌ಚೇಂಜ್ ಅಂತ ಒಂದು ವಿಭಾಗ ಬಂದಿದೆಯಲ್ಲ ಅಂತ ಕೇಳಬಹುದು. ಬಂದಿದೆ. ಅಲ್ಲಿ ಮೊದಲು ಪಟ್ಟಿಯಾದದ್ದು ಬೆಂಗಳೂರಿನದೇ ಸಂಸ್ಥೆ, ಎಸ್‌ಜಿಬಿಎಸ್ ಉನ್ನತಿ ಫೌಂಡೇಶನ್, 2023ರ ಡಿಸೆಂಬರ್‌ನಲ್ಲಿ. ಆದರೆ ಇಂಥ ಸಂಸ್ಥೆಗಳು ಅಲ್ಲಿ ಮಾರೋದು ‘ಝೀರೊ ಕೂಪನ್ ಝೀರೊ ಪ್ರಿನ್ಸಿಪಲ್’ ಅನ್ನೋ ಪತ್ರ. ಬಡ್ಡಿಯೂ ಇಲ್ಲ, ಅಸಲೂ ವಾಪಸ್ ಬರಲ್ಲ. ಲೆಕ್ಕಪತ್ರ ಸರಿಯಾಗಿರುವ ದಾನ ಅನ್ನಿ. ಟೊರೊಂಟೊದ ಬಾಂಡಿಗೂ ಇದಕ್ಕೂ ಸಂಬಂಧ ಇಲ್ಲ.

ನಿಮಗೆ ಹತ್ತಿರದ ದಾರಿ ಸಹಕಾರ ಸಂಘ. ಇದು ನಮಗೆ ಹೊಸದೂ ಅಲ್ಲ, ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲೇ ರೈತರನ್ನು ಸೇರಿಸಿ ಸಂಘ ಕಟ್ಟಿದ್ದರು. ಸಂಘ ಮಾಡಿದರೆ ಊರವರು ಸದಸ್ಯರಾಗಿ ಷೇರು ಹಾಕಬಹುದು, ಬೈಲಾದಲ್ಲಿ ಅವಕಾಶ ಇಟ್ಟುಕೊಂಡರೆ ಸದಸ್ಯರಿಂದ ಠೇವಣಿಯನ್ನೂ ತಗೋಬಹುದು. ಸಹಕಾರಿ ಬ್ಯಾಂಕಿನ ಠೇವಣಿಗೆ ಇರೋ 5 ಲಕ್ಷದ ವಿಮೆ ಸಂಘದ ಠೇವಣಿಗೆ ಇಲ್ಲ, ಇದನ್ನು ಸದಸ್ಯರಿಗೆ ಮೊದಲ ದಿನವೇ ಹೇಳಿಬಿಡಿ. ಮುಚ್ಚಿಟ್ಟರೆ ನಮ್ಮಪ್ಪನ ಥರದವರು ಪಾಸ್‌ಬುಕ್ ಹಿಡಿದು ನಿಮ್ಮ ಬಾಗಿಲಿಗೆ ಬರುತ್ತಾರೆ.

ಬೈಲಾ ಬರೆಯುವಾಗ ಇನ್ನೊಂದು ನೋಡಿಕೊಳ್ಳಿ. ನಮ್ಮ ಗೃಹ ನಿರ್ಮಾಣ ಸಹಕಾರ ಸಂಘಗಳು ಸದಸ್ಯರಿಗೆ ಸೈಟು ಹಂಚುತ್ತವೆ. ಸೈಟು ಸಿಕ್ಕವರು ಒಂದಲ್ಲ ಒಂದು ದಿನ ಮಾರುಕಟ್ಟೆ ಬೆಲೆಗೆ ಮಾರುತ್ತಾರೆ, ಅಲ್ಲಿಗೆ ಆ ಜಾಗ ಕೈಗೆಟುಕುವ ಕಾಲ ಮುಗಿಯಿತು. ನಿಮ್ಮ ಗಿರಣಿಯ ಜಾಗ ಸಂಘದ ಹೆಸರಲ್ಲೇ ಇರಬೇಕು, ಯಾರಿಗೂ ಪಾಲು ಮಾಡಿಕೊಡುವ ಹಾಗಿರಬಾರದು. ತಾಲ್ಲೂಕಿನ ಸಹಕಾರ ಇಲಾಖೆ ಕಚೇರಿಗೆ ಮೊದಲು ಹೋಗಿ ಬನ್ನಿ. ಜೊತೆಗೆ ಸಹಕಾರ ಕಾನೂನು ಗೊತ್ತಿರುವ ವಕೀಲರೊಬ್ಬರು ಇರಲಿ. ಗಿರಣಿ ಮಾಲೀಕರ ಹತ್ತಿರ ಸ್ವಲ್ಪ ಟೈಮ್ ಕೇಳಿ, ಕೊಡದಿದ್ದರೆ ಬಾಡಿಗೆಗಾದರೂ ಮೂರು ವರ್ಷ ಹಿಡಿಯೋಕೆ ಆಗುತ್ತಾ ನೋಡಿ. ಹಾಲ್ ಎಷ್ಟು ದಿನ ತುಂಬುತ್ತೆ, ಕೋಣೆಗೆ ಎಷ್ಟು ಮಕ್ಕಳು ಬರುತ್ತಾರೆ ಅಂತ ಮೂರು ವರ್ಷದ ಲೆಕ್ಕ ಕೈಯಲ್ಲಿದ್ದರೆ ಸಾಲ ಕೊಡುವವರ ಮುಂದೆ ಕೂರೋಕೆ ಧೈರ್ಯ ಬರುತ್ತದೆ.

ಪ್ರಶ್ನೆ: ಬೆಂಗಳೂರು ಪಾಲಿಕೆ ಹಿಂದೆ ಬಾಂಡ್ ಬಿಟ್ಟಿತ್ತಲ್ವಾ? ಅದೂ ಇದೇನಾ?
— ಒಬ್ಬ ಓದುಗರು, ಬಸವನಗುಡಿ

ಉತ್ತರ: ಅಲ್ಲ. 1997ರಲ್ಲಿ ಪಾಲಿಕೆ 125 ಕೋಟಿ ರೂಪಾಯಿ ಎತ್ತಿತ್ತು, ರಾಜ್ಯ ಸರ್ಕಾರ ಜಾಮೀನು ಕೊಟ್ಟಿತ್ತು. ಪಾಲಿಕೆಗೆ ಇಡೀ ಊರಿನ ತೆರಿಗೆ ಬರುತ್ತದೆ, ಹಿಂದೆ ಸರ್ಕಾರ ಇರುತ್ತದೆ. ಕಮ್ಯುನಿಟಿ ಬಾಂಡಿಗೆ ಇರೋದು ಆ ಒಂದು ಕಟ್ಟಡ, ಅದರ ಬಾಡಿಗೆ, ಅದನ್ನು ನಡೆಸುವ ನಾಲ್ಕು ಜನ. ಮಿಸ್ಸಿಸಾಗದವರು ಆ ನಾಲ್ಕು ಜನರನ್ನು ನೋಡಿಕೊಂಡು ಬಂದು, ಸಾಧ್ಯವಾದರೆ ಆ ಕಟ್ಟಡದ ಒಂದು ಮನೆಯ ಬಾಗಿಲು ತಟ್ಟಿ ‘ಈಗ ಎಷ್ಟು ಬಾಡಿಗೆ ಕಟ್ಟುತ್ತಿದ್ದೀರಿ?’ ಅಂತ ಕೇಳಿಕೊಂಡು ಬಂದು ನನಗೆ ಬರೆಯಿರಿ.